ಕೊಣಾಜೆಯಲ್ಲೇ ಯಂತ್ರ ಇರುವಾಗ ದೆಹಲಿಗೆ ಯಾಕೆ?

ಪ್ರಶ್ನೆ: ನನ್ನ ಮಗಳು ಕೊಣಾಜೆಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ ಮುಗಿಸಿ ಈಗ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್.ಡಿಗೆ ಸೇರಿದ್ದಾಳೆ. ಪ್ರಯೋಗಕ್ಕೆ ದೆಹಲಿಯ ಅಕ್ಸೆಲರೇಟರ್ ಕೇಂದ್ರಕ್ಕೆ ಹೋಗಬೇಕಂತೆ. ಅಲ್ಲಿ ರಾತ್ರಿಯೂ ಡ್ಯೂಟಿ ಇರುತ್ತದಂತೆ. ಕೊಣಾಜೆಯಲ್ಲೇ ಒಂದು ಯಂತ್ರ ಉಂಟು ಎಂದು ಕೇಳಿದ್ದೇನೆ, ಅದರಲ್ಲೇ ಮಾಡಬಾರದಾ? ರೇಡಿಯೇಷನ್ ಬಗ್ಗೆ ನನಗೆ ಹೆದರಿಕೆ. ಮುಂದೆ ಅವಳಿಗೆ ಮದುವೆ, ಮಕ್ಕಳು ಎಲ್ಲ ಆಗಬೇಕಲ್ಲ. ಇಷ್ಟೆಲ್ಲ ಮಾಡಿ ಎಂತ ಉಪಯೋಗ, ಕೆಲಸ ಸಿಗುತ್ತದಾ? (ಬ್ರಹ್ಮಾವರದ ಒಬ್ಬ ತಾಯಿ)

ಉತ್ತರ:

ನೀವು ಕೇಳಿದ್ದು ಸರಿಯಾಗಿದೆ. ಕೊಣಾಜೆಯಲ್ಲಿ ಯಂತ್ರ ಉಂಟು. ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಕೇಂದ್ರದಲ್ಲಿರುವುದು ಅಕ್ಸೆಲರೇಟರೇ, ಅಂದರೆ ಕಣಗಳನ್ನು ವೇಗವಾಗಿ ಓಡಿಸುವ ಯಂತ್ರ. ಇಂದೋರಿನ ಪರಮಾಣು ಇಲಾಖೆಯ ಸಂಸ್ಥೆಯ ನೆರವಿನಿಂದ ಬಂದದ್ದು. ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಇಂಥ ಯಂತ್ರ ಇರುವುದು ಸಣ್ಣ ಮಾತಲ್ಲ. ನಮ್ಮೂರಿನವರಿಗೇ ಇದು ಗೊತ್ತಿಲ್ಲ ಎಂಬುದು ನನ್ನ ಹಳೇ ಬೇಸರ.

ಆದರೆ ಅದು ಎಲೆಕ್ಟ್ರಾನ್ ಓಡಿಸುವ ಯಂತ್ರ. ದೊಡ್ಡ ಅಯಸ್ಕಾಂತದ ನಡುವೆ ಎಲೆಕ್ಟ್ರಾನ್ ಸುತ್ತು ಹಾಕುತ್ತದೆ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಅದಕ್ಕೆ ಮೈಕ್ರೋವೇವಿನ ತಳ್ಳು ಸಿಗುತ್ತದೆ, ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಗೆ ಸಿಗುವುದು 8 ಎಂಇವಿವರೆಗಿನ ಶಕ್ತಿ. ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿ ಅಳೆಯುವ ಮಾನ ಅದು. ಆ ಎಲೆಕ್ಟ್ರಾನನ್ನು ಲೋಹದ ತಗಡಿಗೆ ಹೊಡೆಸಿದರೆ ಎಕ್ಸ್‌ರೇ ಬರುತ್ತದೆ. ಆ ಎಕ್ಸ್‌ರೇಯನ್ನು ಬೆರಿಲಿಯಂನಂಥ ವಸ್ತುವಿಗೆ ಹೊಡೆಸಿದರೆ ನ್ಯೂಟ್ರಾನ್ ಬರುತ್ತದೆ. ರೇಡಿಯೇಷನ್ ತಾಗಿದರೆ ಪ್ಲಾಸ್ಟಿಕ್ ಏನಾಗುತ್ತದೆ, ಟ್ರಾನ್ಸಿಸ್ಟರ್ ಏನಾಗುತ್ತದೆ, ಬಿತ್ತನೆ ಬೀಜ ಏನಾಗುತ್ತದೆ ಎಂದು ನೋಡಲು ಇದು ಚೆನ್ನಾಗಿದೆ.

ನಿಮ್ಮ ಮಗಳಿಗೆ ಬೇಕಾದದ್ದು ಇದಲ್ಲ ಅಂತ ಕಾಣುತ್ತದೆ. ದೆಹಲಿಗೆ ಹೋಗಬೇಕು ಎಂದರೆ ಅವಳ ವಿಷಯ ಎರಡು ನ್ಯೂಕ್ಲಿಯಸ್‌ಗಳನ್ನು (ಪರಮಾಣುವಿನ ನಡುವಿನ ತಿರುಳು) ಒಂದಕ್ಕೊಂದು ಹೊಡೆಸಿ ಕೂಡಿಸುವುದು ಇರಬೇಕು. ಎರಡರಲ್ಲೂ ಧನ ವಿದ್ಯುತ್ತೇ ಇರುವುದರಿಂದ ಹತ್ತಿರ ಬಂದಷ್ಟೂ ಜೋರಾಗಿ ದೂಡಿಕೊಳ್ಳುತ್ತವೆ. ಆ ತಡೆ ದಾಟಲು ಭಾರವಾದ ಪರಮಾಣುವನ್ನೇ ವೇಗವಾಗಿ ಓಡಿಸಬೇಕು. ಪಾತಿ ದೋಣಿ ಸಣ್ಣದು ಅಂತ ಕೆಟ್ಟದ್ದಲ್ಲ, ಅಳಿವೆಯಲ್ಲಿ ಅದೇ ಬೇಕು. ಆಳ ಸಮುದ್ರಕ್ಕೆ ಮಲ್ಪೆಯ ಟ್ರಾಲ್ ಬೋಟೇ ಆಗಬೇಕು. ಕೊಣಾಜೆಗೂ ದೆಹಲಿಗೂ ಇರುವ ವ್ಯತ್ಯಾಸ ಇಷ್ಟೇ.

ಅವಳು ಹೋಗುವುದು ದೆಹಲಿಯ ವಸಂತ್ ಕುಂಜ್ ಕಡೆ, ಜೆಎನ್‌ಯು ಪಕ್ಕದಲ್ಲಿರುವ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರಕ್ಕೆ. ಎಲ್ಲರೂ ಐಯುಎಸಿ ಎನ್ನುತ್ತಾರೆ. ವಿಶ್ವವಿದ್ಯಾಲಯಗಳಿಗೆ ಹಣ ಕೊಡುವ ಕೇಂದ್ರದ ಆಯೋಗ ಯುಜಿಸಿ ಇದನ್ನು 1984ರಲ್ಲಿ ನ್ಯೂಕ್ಲಿಯರ್ ಸೈನ್ಸ್ ಸೆಂಟರ್ ಎಂಬ ಹೆಸರಿನಲ್ಲಿ ಶುರು ಮಾಡಿತು. ಆಗ ದೇಶದ ದೊಡ್ಡ ಅಕ್ಸೆಲರೇಟರ್‌ಗಳೆಲ್ಲ ಪರಮಾಣು ಇಲಾಖೆಯ ಕೈಯಲ್ಲಿದ್ದವು. ಕೋಲ್ಕತ್ತದ ಸೈಕ್ಲೋಟ್ರಾನ್ ಎಂಬ ಅಕ್ಸೆಲರೇಟರಿನಲ್ಲಿ 1977ರಲ್ಲೇ ಬೀಮ್, ಅಂದರೆ ಓಡುವ ಕಣಗಳ ಧಾರೆ, ಬಂದಿತ್ತು. ಮುಂಬೈಯ ಟಿಐಎಫ್‌ಆರ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಇನ್ನೊಂದು ಯಂತ್ರದ ಕೆಲಸ ನಡೆದಿತ್ತು. ವಿಶ್ವವಿದ್ಯಾಲಯಗಳ ಮೇಷ್ಟ್ರುಗಳಿಗೆ, ಮಕ್ಕಳಿಗೆ ತಮ್ಮದು ಎನ್ನುವ ಯಂತ್ರ ಇರಲಿಲ್ಲ. ಆ ಕೊರತೆ ತುಂಬಲೆಂದೇ ಐಯುಎಸಿ ಹುಟ್ಟಿದ್ದು. ಹಾಗಾಗಿ ಅಲ್ಲಿ ನಿಮ್ಮ ಮಗಳು ಯಾರದೋ ದಾಕ್ಷಿಣ್ಯದಲ್ಲಿ ಹೋದ ಅತಿಥಿ ಅಲ್ಲ. ಕೊಣಾಜೆ, ಧಾರವಾಡ, ಗುವಾಹಟಿ ಎಲ್ಲಿಂದ ಬಂದವರಿಗೂ ಅಲ್ಲಿ ಒಂದೇ ಹಕ್ಕು. ವಿಶ್ವವಿದ್ಯಾಲಯದ ಸಂಶೋಧಕರಿಂದ ಯಂತ್ರಕ್ಕೆ ಬಾಡಿಗೆಯನ್ನೂ ಕೇಳುವುದಿಲ್ಲ. ಉಳಿಯಲು ಕ್ಯಾಂಪಸ್ಸಿನ ಒಳಗೇ ಗೆಸ್ಟ್ ಹೌಸ್ ಇದೆ.

ಇನ್ನು ಆ ಯಂತ್ರ. ಅದರ ಹೆಸರು ಪೆಲೆಟ್ರಾನ್. ನಿಲ್ಲಿಸಿದ ಉಕ್ಕಿನ ಟ್ಯಾಂಕ್, 26.5 ಮೀಟರ್ ಎತ್ತರ, 5.5 ಮೀಟರ್ ಅಗಲ. ಟ್ಯಾಂಕಿನ ನಡುಮಧ್ಯದ ಭಾಗವನ್ನು 15 ಮಿಲಿಯನ್ ವೋಲ್ಟ್‌ವರೆಗೆ ಏರಿಸಬಹುದು. ಲೋಹದ ಗುಂಡುಗಳನ್ನು ನೈಲಾನ್ ಕೊಂಡಿಗಳಿಂದ ಜೋಡಿಸಿದ ಸರಪಳಿ ಮೇಲೆ ಕೆಳಗೆ ಓಡುತ್ತಾ ಅಲ್ಲಿಗೆ ವಿದ್ಯುತ್ತನ್ನು ಹೊತ್ತು ಹಾಕುತ್ತದೆ. ಇಷ್ಟು ವೋಲ್ಟೇಜ್ ಸುಮ್ನೆ ಗಾಳಿಯಲ್ಲಿ ನಿಲ್ಲುವುದಿಲ್ಲ, ಸಿಡಿಲಿನ ಹಾಗೆ ಹಾರಿಬಿಡುತ್ತದೆ. ಅದಕ್ಕೆ ಟ್ಯಾಂಕಿನ ತುಂಬ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಒತ್ತಿ ತುಂಬಿರುತ್ತಾರೆ. ಇದು ಗಾಳಿಗಿಂತ ಐದು ಪಟ್ಟು ಭಾರ. ಹಸಿರುಮನೆ ಅನಿಲವಾಗಿ ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಜಾಸ್ತಿ ಕೆಟ್ಟದ್ದು. ಆದ್ದರಿಂದ ರಿಪೇರಿಗೆ ಟ್ಯಾಂಕ್ ತೆರೆಯುವ ಮೊದಲು ಅನಿಲವನ್ನೆಲ್ಲ ಬೇರೆ ಟ್ಯಾಂಕಿಗೆ ಎಳೆದು ಜೋಪಾನ ಮಾಡಬೇಕು. ಟ್ಯಾಂಕ್ ಒಂದು ಸಲ ತೆರೆದರೆ ಬೀಮ್ ವಾರಗಟ್ಟಲೆ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಂತ್ರದ ಜಾಣತನ ಇರುವುದು ಒಂದೇ ವೋಲ್ಟೇಜನ್ನು ಎರಡು ಸಲ ಬಳಸುವುದರಲ್ಲಿ. ಸಿಲಿಕಾನನ್ನು ಓಡಿಸಬೇಕು ಎಂದುಕೊಳ್ಳಿ. ಮೇಲ್ತುದಿಯಲ್ಲಿ ಸಿಲಿಕಾನ್ ಪರಮಾಣುವಿಗೆ ಒಂದು ಎಲೆಕ್ಟ್ರಾನ್ ಜಾಸ್ತಿ ಕೊಟ್ಟು ಋಣ ಅಯಾನು, ಅಂದರೆ ಋಣ ವಿದ್ಯುತ್ ಇರುವ ಪರಮಾಣು, ಮಾಡುತ್ತಾರೆ. ಮಧ್ಯದ ಧನ ವೋಲ್ಟೇಜ್ ಅದನ್ನು ಸೆಳೆಯುತ್ತದೆ. ವೋಲ್ಟೇಜ್ 12 ಮಿಲಿಯನ್ ಇದ್ದರೆ ಅಲ್ಲಿ ಮುಟ್ಟುವಾಗ 12 ಎಂಇವಿ ಶಕ್ತಿ ಬಂತು. ಅಲ್ಲಿ ಒಂದು ಕಾರ್ಬನ್ ಫಾಯಿಲ್ ಇದೆ, ದಪ್ಪ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ. ಅದರೊಳಗೆ ಹಾದು ಹೋಗುವಾಗ ಸಿಲಿಕಾನ್ ತನ್ನ ಹಲವು ಎಲೆಕ್ಟ್ರಾನ್‌ಗಳನ್ನು ಕಳಕೊಳ್ಳುತ್ತದೆ. ಎಂಟು ಧನ ಚಾರ್ಜ್ ಉಳಿಯಿತು ಎಂದುಕೊಳ್ಳಿ. ಈಗ ಅದೇ ವೋಲ್ಟೇಜ್ ಅದನ್ನು ಕೆಳಕ್ಕೆ ದೂಡುತ್ತದೆ, ಈ ಸಲ ಎಂಟು ಪಟ್ಟು ಜೋರಾಗಿ. ಎಂಟು ಹನ್ನೆರಡಲೆ 96, ಮೊದಲಿನ 12 ಸೇರಿ 108 ಎಂಇವಿ. ವೇಗ ಸೆಕೆಂಡಿಗೆ ಸುಮಾರು 27,000 ಕಿಲೋಮೀಟರ್, ಅಂದರೆ ಬೆಳಕಿನ ವೇಗದ ಶೇಕಡಾ 9. ಸತುವಿನಂಥ ಲೋಹದ ನ್ಯೂಕ್ಲಿಯಸ್ ಒಳಗೆ ನುಗ್ಗಲು ಇದು ಧಾರಾಳ ಸಾಕು. ಸೀಸದೊಳಗೆ ನುಗ್ಗಲು ಸಾಲದು. ಅದಕ್ಕೆಂದೇ ಮುಂದೆ ಇನ್ನೊಂದು ಯಂತ್ರ ಜೋಡಿಸಿದ್ದಾರೆ. ನಯೋಬಿಯಂ ಲೋಹದ ಪೊಳ್ಳು ಪಾತ್ರೆಗಳ ಸಾಲು ಅದು, ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣ್ಣಗೆ ಮಾಡಿಟ್ಟಿರುತ್ತಾರೆ. ಮೊದಲ ಪಾತ್ರೆಗಳನ್ನು ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಜೊತೆ ಸೇರಿ ಮಾಡಿದ್ದರು. ಆಮೇಲಿನವು ದೆಹಲಿಯಲ್ಲೇ ಆದವು.

ಮಗಳು ಅಲ್ಲಿ ಮಾಡುವ ಕೆಲಸದ ಬಗ್ಗೆ ಹೇಳುತ್ತೇನೆ. ಬೀಮ್ ಬರುವುದಕ್ಕೆ ಬಹಳ ಮೊದಲೇ ಅವಳು ಟಾರ್ಗೆಟ್, ಅಂದರೆ ಬೀಮ್ ಬಂದು ಬಡಿಯುವ ತೆಳು ಪೊರೆ, ಮಾಡಿಟ್ಟುಕೊಳ್ಳಬೇಕು. ನನ್ನ ಕೇಳಿದರೆ ಇಡೀ ಪಿಎಚ್.ಡಿಯಲ್ಲಿ ಕೈಗೆ ಅತಿ ಜಾಸ್ತಿ ಪಾಠ ಕಲಿಸುವುದು ಇದೇ. ಬೇಕಾದ ಐಸೋಟೋಪನ್ನು (ಒಂದೇ ಧಾತುವಿನಲ್ಲಿ ಬೇರೆ ತೂಕದ ಪರಮಾಣು) ಬೇರ್ಪಡಿಸಿ ಮಾರುತ್ತಾರೆ, ಮಿಲಿಗ್ರಾಂ ಲೆಕ್ಕದಲ್ಲಿ, ಚಿನ್ನಕ್ಕಿಂತ ಎಷ್ಟೋ ತುಟ್ಟಿ. ಕೆಲವನ್ನು ಉಕ್ಕಿನ ತಗಡುಗಳ ನಡುವೆ ಇಟ್ಟು ರೋಲರಿನಲ್ಲಿ ಮತ್ತೆ ಮತ್ತೆ ಒತ್ತಿ ತೆಳು ಮಾಡುತ್ತಾರೆ. ಕೆಲವನ್ನು ನಿರ್ವಾತದಲ್ಲಿ ಕಾಯಿಸಿ ಆವಿ ಮಾಡಿ ಗಾಜಿನ ಪಟ್ಟಿಯ ಮೇಲೆ ಕೂರಿಸುತ್ತಾರೆ. ಗಾಜಿಗೆ ಮೊದಲೇ ನೀರಲ್ಲಿ ಕರಗುವ ಒಂದು ಲವಣದ ಪದರ ಕೊಟ್ಟಿರುತ್ತಾರೆ. ಆಮೇಲೆ ಆ ಗಾಜನ್ನು ಓರೆಯಾಗಿ, ತುಂಬ ನಿಧಾನಕ್ಕೆ ನೀರಿಗೆ ಇಳಿಸಬೇಕು. ಲವಣ ಕರಗಿ ಲೋಹದ ಪೊರೆ ಬಿಟ್ಟುಕೊಂಡು ನೀರಿನ ಮೇಲೆ ತೇಲುತ್ತದೆ. ಆಗ ಉಸಿರು ಬಿಗಿಹಿಡಿದು ತೂತಿರುವ ಅಲ್ಯೂಮಿನಿಯಂ ಚೌಕಟ್ಟನ್ನು ಕೆಳಗಿನಿಂದ ತಂದು ಅದನ್ನು ಎತ್ತಿಕೊಳ್ಳಬೇಕು. ಕೈ ನಡುಗಿದರೆ ಪೊರೆ ಮಡಚಿತು, ಇಲ್ಲಾ ಹರಿಯಿತು. ಎತ್ತಿಕೊಂಡದ್ದನ್ನು ಗಾಳಿ ತಾಗದ ಹಾಗೆ ನಿರ್ವಾತದಲ್ಲಿ ಇಡಬೇಕು. ಒಳ್ಳೆ ಟಾರ್ಗೆಟ್ ಮಾಡುವ ವಿದ್ಯಾರ್ಥಿಗೆ ಬೇರೆ ಗುಂಪಿನವರೂ ಮರ್ಯಾದೆ ಕೊಡುತ್ತಾರೆ.

ಬೀಮ್ ಬಂದು ಆ ಪೊರೆಗೆ ಬಡಿದಾಗ, ಸಿಲಿಕಾನ್ ಅಯಾನುಗಳಲ್ಲಿ ಎಲ್ಲೋ ಕೆಲವಕ್ಕೆ ಮಾತ್ರ ನ್ಯೂಕ್ಲಿಯಸ್ ಸಿಗುತ್ತದೆ. ಎರಡೂ ಕೂಡಿ ಬಿಸಿಯಾದ, ಗಿರಗಿರ ತಿರುಗುವ ಹೊಸ ನ್ಯೂಕ್ಲಿಯಸ್ ಆಗುತ್ತದೆ. ಅದು ಒಂದೆರಡು ನ್ಯೂಟ್ರಾನ್ ಅಥವಾ ಪ್ರೋಟಾನ್ ಉಗುಳಿ ತಣ್ಣಗಾಗುತ್ತದೆ. ಉಳಿದ ತಿರುಗಾಟವನ್ನು ಗಾಮಾ ಕಿರಣಗಳಾಗಿ ಬಿಡುತ್ತದೆ. ಒಂದೊಂದು ಗಾಮಾ ಕಿರಣದ ಶಕ್ತಿ ಅಳೆದರೆ ಆ ನ್ಯೂಕ್ಲಿಯಸ್ ಉರುಟಾಗಿದೆಯಾ, ಉದ್ದವಾಗಿದೆಯಾ, ಒಳಗಿನ ಪ್ರೋಟಾನ್ ನ್ಯೂಟ್ರಾನ್ ಹೇಗೆ ಜೋಡಿಯಾಗಿವೆ ಎಂದು ಗೊತ್ತಾಗುತ್ತದೆ.

ಇದನ್ನು ಹಿಡಿಯಲು ನಮ್ಮ ದೇಶದಲ್ಲಿ ಇಂಗಾ ಎಂಬ ಡಿಟೆಕ್ಟರ್‌ಗಳ ಗುಂಪು ಉಂಟು. ಕ್ಲೋವರ್ ಎಂಬ ಜರ್ಮೇನಿಯಂ ಡಿಟೆಕ್ಟರ್‌ಗಳು, ಪೂರ್ತಿ ಜೋಡಿಸಿದರೆ 24. ಇದರಲ್ಲಿ ನನಗೆ ತುಂಬ ಹಿಡಿಸುವುದು ಏನೆಂದರೆ, ಇದು ಒಂದೇ ಊರಿನ ಸೊತ್ತಲ್ಲ. ದೆಹಲಿ, ಮುಂಬೈ, ಕೋಲ್ಕತ್ತದ ಯಂತ್ರಗಳ ನಡುವೆ ಸರದಿಯಲ್ಲಿ ತಿರುಗುತ್ತದೆ. ಹಲವು ಸಂಸ್ಥೆಗಳು ತಮ್ಮ ತಮ್ಮ ಡಿಟೆಕ್ಟರ್ ತಂದು ಸೇರಿಸುತ್ತವೆ. ಒಬ್ಬರ ಪ್ರಯೋಗಕ್ಕೆ ಇನ್ನೊಬ್ಬರ ವಿದ್ಯಾರ್ಥಿಗಳು ಬಂದು ಶಿಫ್ಟ್ ಮಾಡಿಕೊಡುತ್ತಾರೆ. ತುಂಬ ಜಗಳವಾಡುವ ನಮ್ಮ ಜನ ಇದೊಂದನ್ನು ಸೇರಿ ನಡೆಸಿಕೊಂಡು ಬಂದಿದ್ದಾರೆ.

ರಾತ್ರಿ ಡ್ಯೂಟಿ ಯಾಕೆ ಎಂದರೆ, ಬೀಮ್ ಬಿಟ್ಟು ಬಿಟ್ಟು ಓಡಿಸುವುದು ನಷ್ಟ. ಸಮಯವನ್ನು ಶಿಫ್ಟ್ ಲೆಕ್ಕದಲ್ಲಿ ಕೊಡುತ್ತಾರೆ, ಒಂದು ಶಿಫ್ಟ್ ಅಂದರೆ ಎಂಟು ಗಂಟೆ. ಸಿಕ್ಕಿದ ಶಿಫ್ಟ್‌ಗಳು ಹಗಲೂ ರಾತ್ರಿಯೂ ಒಂದರ ಹಿಂದೆ ಒಂದು ಬರುತ್ತವೆ. ರಾತ್ರಿ ಮೂರು ಗಂಟೆಗೆ ಅವಳು ಮಾಡುವುದು ಕಂಪ್ಯೂಟರ್ ಪರದೆಯಲ್ಲಿ ಸ್ಪೆಕ್ಟ್ರಮ್ (ಯಾವ ಶಕ್ತಿಯ ಗಾಮಾ ಕಿರಣ ಎಷ್ಟು ಬಂತು ಎಂಬ ನಕ್ಷೆ) ಬೆಳೆಯುವುದನ್ನು ನೋಡುತ್ತಾ ಕೂರುವುದು. ಯಾವುದೋ ಒಂದು ಡಿಟೆಕ್ಟರಿನ ಗೆರೆ ಅಗಲವಾಗುತ್ತಿದೆಯಾ, ಎಣಿಕೆಯ ವೇಗ ಬಿದ್ದಿತಾ, ಬಿದ್ದರೆ ಬೀಮ್ ಸರಿದಿದೆಯಾ ಅಥವಾ ಟಾರ್ಗೆಟ್ ಹರಿದಿದೆಯಾ ಎಂದು ನೋಡಿ ಲಾಗ್ ಪುಸ್ತಕದಲ್ಲಿ ಬರೆಯುವುದು. ಜೊತೆಗೆ ಯಾವಾಗಲೂ ಇಬ್ಬರು ಮೂವರು ಇರುತ್ತಾರೆ, ಪಕ್ಕದ ಕಂಟ್ರೋಲ್ ರೂಮಿನಲ್ಲಿ ಯಂತ್ರ ನಡೆಸುವವರು ಇರುತ್ತಾರೆ.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ. ಅಕ್ಸೆಲರೇಟರ್ ಎಂದರೆ ಕೈಗಾದ ರಿಯಾಕ್ಟರ್ ಅಲ್ಲ, ಮಾರಾಯ್ರೆ. ಅಲ್ಲಿ ಯುರೇನಿಯಂ ಉರಿಯುವುದಿಲ್ಲ. ಸ್ವಿಚ್ ಆರಿಸಿದರೆ ಬೀಮ್ ನಿಂತಿತು, ಅದರೊಟ್ಟಿಗೆ ರೇಡಿಯೇಷನ್ ಸಹ ಹೆಚ್ಚುಕಮ್ಮಿ ನಿಂತಿತು. ಬೀಮ್ ತಾಗಿದ ಲೋಹದಲ್ಲಿ ಸ್ವಲ್ಪ ಉಳಿಯಬಹುದು, ಅದನ್ನು ಮೀಟರಿನಿಂದ ಅಳೆದೇ ಒಳಗೆ ಬಿಡುತ್ತಾರೆ. ಬೀಮ್ ಇರುವಾಗ ದಪ್ಪ ಕಾಂಕ್ರೀಟ್ ಗೋಡೆಯ ಆ ಹಾಲಿನೊಳಗೆ ಯಾರೂ ಇರುವ ಹಾಗಿಲ್ಲ. ಒಳಗೆ ಯಾರೂ ಇಲ್ಲ ಎಂದು ನೋಡಿ ಬಾಗಿಲು ಹಾಕಿದ ಮೇಲೇ ಬೀಮ್ ಬಿಡುವುದು. ಬಾಗಿಲು ತೆರೆದರೆ ಬೀಮ್ ತಾನೇ ಕಟ್ ಆಗುತ್ತದೆ. ಅವಳು ಕೂರುವುದು ಗೋಡೆಯ ಆಚೆ.

ಎದೆಗೆ ಒಂದು ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳಬೇಕು. ಎಷ್ಟು ರೇಡಿಯೇಷನ್ ತಾಗಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಈ ಕೆಲಸದವರಿಗೆ ನಮ್ಮ ದೇಶದ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ರೇಡಿಯೇಷನ್ ಅಳೆಯುವ ಮಾನ), ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಆಚೆ ಕೂತು ಡೇಟಾ ನೋಡುವ ವಿದ್ಯಾರ್ಥಿ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹೋಲಿಸಲು ಹೇಳುತ್ತೇನೆ: ಭೂಮಿ, ಆಕಾಶ, ಗಾಳಿ, ಊಟ ಎಲ್ಲದರಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ನಲ್ಲಿ ಸುಮಾರು 8ರಿಂದ 10 ಬರುತ್ತದೆ. ಇನ್ನು ನಮ್ಮ ಉಳ್ಳಾಲದ ಕಡಲ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಇದೆ. ಅಲ್ಲಿ ಕೆಲವು ಕಡೆ ಸಹಜ ರೇಡಿಯೇಷನ್ ಬೇರೆ ಕಡೆಗಿಂತ ಜಾಸ್ತಿ ಎಂದು ತೋರಿಸಿದವರು ಕೊಣಾಜೆಯವರೇ, 1990ರ ದಶಕದಲ್ಲಿ. ನಾವು ಅಲ್ಲಿ ಸಂಜೆ ಚರುಮುರಿ ತಿಂದು ಬರುತ್ತೇವೆ, ಅಲ್ವಾ?

ಮದುವೆ, ಮಕ್ಕಳ ವಿಷಯ ಕೇಳಿದಿರಿ. ಈ ಕೆಲಸದಿಂದ ಅದಕ್ಕೇನೂ ಅಡ್ಡಿಯಿಲ್ಲ. ಗರ್ಭಿಣಿಯಾದರೆ ತಕ್ಷಣ ಹೇಳಬೇಕು ಎಂಬ ನಿಯಮ ಇದೆ. ಹೇಳಿದ ಮೇಲೆ ಹೆರಿಗೆಯವರೆಗೆ ಮಗುವಿಗೆ ತಾಗುವುದು 1 ಮಿಲಿಸೀವರ್ಟ್ ಮೀರದ ಹಾಗೆ ಕೆಲಸ ಬದಲಿಸಿಕೊಡಬೇಕು. ಇದನ್ನು ಮಗಳಿಗೆ ಈಗಲೇ ಹೇಳಿಡಿ, ನಾಚಿಕೊಂಡು ಮುಚ್ಚಿಡುವ ವಿಷಯ ಅಲ್ಲ.

ನಿಜವಾಗಿ ಜಾಗ್ರತೆ ಬೇಕಾದದ್ದು ದ್ರವ ನೈಟ್ರೋಜನ್ ಬಗ್ಗೆ. ಜರ್ಮೇನಿಯಂ ಡಿಟೆಕ್ಟರ್‌ಗಳನ್ನು ಅದರಲ್ಲೇ ತಣ್ಣಗಿಡುವುದು, ಮೈನಸ್ 196 ಡಿಗ್ರಿ. ಚರ್ಮಕ್ಕೆ ಬಿದ್ದು ನಿಂತರೆ ಸುಟ್ಟ ಗಾಯವೇ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಆಮ್ಲಜನಕ ಕಮ್ಮಿಯಾಗಿ ತಲೆ ತಿರುಗಿ ಬೀಳಬಹುದು, ವಾಸನೆಯೂ ಬರುವುದಿಲ್ಲ. ಅದರ ಕೆಲಸಕ್ಕೆ ಕೈಗವಸು, ಕನ್ನಡಕ ಇಲ್ಲದೆ ಹೋಗಬಾರದು, ಒಬ್ಬಳೇ ಹೋಗಬಾರದು. ಮೂರು ರಾತ್ರಿ ನಿದ್ದೆಗೆಟ್ಟವರು ಹೈ ವೋಲ್ಟೇಜ್ ಕೇಬಲ್ ಮುಟ್ಟುವುದೂ ಬೇಡ.

ನೀವು ಕೇಳದೇ ಇದ್ದ ಒಂದು ವಿಷಯವೇ ನನಗೆ ದೊಡ್ಡದಾಗಿ ಕಾಣುವುದು. ಅದು ಕಾಯುವುದು. ಬೀಮ್ ಟೈಮ್ ಬೇಕಾದರೆ ಪ್ರಪೋಸಲ್ ಬರೆಯಬೇಕು. ಯಾಕೆ ಈ ನ್ಯೂಕ್ಲಿಯಸ್, ಯಾಕೆ ಈ ಬೀಮ್, ಎಷ್ಟು ಎಣಿಕೆ ಬರಬಹುದು, ಅದಕ್ಕೆ ಎಷ್ಟು ಶಿಫ್ಟ್ ಸಾಕು ಎಂದು ಲೆಕ್ಕ ಹಾಕಿ ತೋರಿಸಬೇಕು. ಬಳಕೆದಾರರ ಸಮಿತಿ ಅದನ್ನು ನೋಡಿ ಪ್ರಶ್ನೆ ಕೇಳಿ ಪಾಸು ಮಾಡುತ್ತದೆ, ಇಲ್ಲವೇ ಶಿಫ್ಟ್ ಕಡಿಮೆ ಮಾಡುತ್ತದೆ, ಇಲ್ಲವೇ ವಾಪಸ್ ಕಳಿಸುತ್ತದೆ. ಪಾಸಾದರೂ ಸರದಿ ಬರಬೇಕು. ಅಷ್ಟರಲ್ಲಿ ಟ್ಯಾಂಕ್ ತೆರೆಯಬೇಕಾಗಿ ಬಂದರೆ ಎಲ್ಲರ ಸರದಿಯೂ ಮುಂದೆ ಹೋಯಿತು. ಬೇಕಾದ ಡಿಟೆಕ್ಟರ್‌ಗಳು ಆ ವರ್ಷ ಕೋಲ್ಕತ್ತದಲ್ಲಿದ್ದರೆ ಮತ್ತೂ ಕಾಯಬೇಕು. ಎಲ್ಲ ಸರಿಯಾಗಿ ಒಂದು ವಾರದ ಡೇಟಾ ಸಿಕ್ಕಿತು ಅಂತಿಟ್ಟುಕೊಳ್ಳಿ, ಅದನ್ನು ಬಿಡಿಸಲು ಒಂದೆರಡು ವರ್ಷ ಬೇಕು. ಮಗಳು ಮನೆಗೆ ಬಂದು 'ಇನ್ನೂ ಬೀಮ್ ಸಿಗಲಿಲ್ಲ ಅಮ್ಮ' ಎಂದರೆ ಅವಳು ಸೋಮಾರಿ ಅಂತ ತಿಳಿಯಬೇಡಿ.

ಹಾಗಾಗಿ ಒಂದು ಕೆಲಸ ಮಾಡಿ. ಪ್ರಪೋಸಲ್ ಪಾಸಾಗಿದೆಯಾ, ಅಥವಾ ಇನ್ನು ಬರೆಯಬೇಕಾ ಎಂದು ಮಗಳು ಗೈಡ್ ಹತ್ತಿರ ಕೇಳಲಿ. ಇನ್ನು ಬರೆಯಬೇಕಾಗಿದ್ದರೆ ಅದನ್ನು ಅವಳೇ ಬರೆಯಲು ಕೂರಲಿ. ಸಮಿತಿ ನೋಡುವುದು ಊರನ್ನಲ್ಲ, ಆ ಹಾಳೆಗಳನ್ನು. ಕಾಯುವ ಹೊತ್ತಿನಲ್ಲಿ ಬೇರೆಯವರ ಪ್ರಯೋಗಕ್ಕೆ ಶಿಫ್ಟ್ ಮಾಡಲು ಹೋಗಲಿ, ಮಂಗಳಾ ಎಕ್ಸ್‌ಪ್ರೆಸ್ ಉಡುಪಿಯಿಂದಲೇ ಸಿಗುತ್ತದೆ. ತನ್ನ ಸರದಿ ಬರುವಾಗ ಕೈ ಪಳಗಿರುತ್ತದೆ, ಪ್ರಬಂಧಗಳಲ್ಲಿ ಹೆಸರೂ ಬರುತ್ತದೆ. ಜೊತೆಗೆ ಕೊಣಾಜೆಯ ಮೈಕ್ರೋಟ್ರಾನ್‌ನಲ್ಲೇ ಮಾಡಬಹುದಾದ ಒಂದು ಸಣ್ಣ ಸಮಸ್ಯೆಯನ್ನೂ ಇಟ್ಟುಕೊಳ್ಳಲಿ. ಅಂದರೆ ನೀವು ಕೇಳಿದ ಮೊದಲ ಪ್ರಶ್ನೆಗೆ ನನ್ನ ಉತ್ತರ, ಎರಡೂ ಬೇಕು.

ಉಪಯೋಗದ ಮಾತು. ಯಾವುದೋ ನ್ಯೂಕ್ಲಿಯಸ್ ಮೊಟ್ಟೆಯಾಕಾರ ಎಂದು ಗೊತ್ತಾದರೆ ನಾಳೆ ಅಕ್ಕಿಯ ಬೆಲೆ ಇಳಿಯುವುದಿಲ್ಲ, ಇಳಿಯುತ್ತದೆ ಎಂದು ಹೇಳುವವರನ್ನು ನಾನು ನಂಬುವುದೂ ಇಲ್ಲ. ಆದರೆ ಅದೇ ಕೇಂದ್ರದಲ್ಲಿ ಭಾರ ಅಯಾನುಗಳಿಂದ ಹೊಸ ವಸ್ತುಗಳ ಮೇಲೆ ಸಂಶೋಧನೆ ನಡೆಯುತ್ತದೆ. ಇನ್ನೊಂದು ಸಣ್ಣ ಅಕ್ಸೆಲರೇಟರಿನಲ್ಲಿ ಮಿಲಿಗ್ರಾಂ ಲೆಕ್ಕದ ಇಂಗಾಲದಿಂದ ಹಳೇ ಮರದ, ಎಲುಬಿನ ವಯಸ್ಸು ಕಂಡುಹಿಡಿಯುತ್ತಾರೆ. ಕಾಲೇಜು ಮಕ್ಕಳಿಗಾಗಿ ಎಕ್ಸ್‌ಪೈಸ್ (ExpEYES) ಎಂಬ ಅಗ್ಗದ ಪ್ರಯೋಗ ಪೆಟ್ಟಿಗೆ ಹುಟ್ಟಿದ್ದೂ ಅಲ್ಲೇ.

ಕೆಲಸದ ವಿಷಯ ನೇರವಾಗಿ ಹೇಳುತ್ತೇನೆ. ನ್ಯೂಕ್ಲಿಯರ್ ಫಿಸಿಕ್ಸ್ ಪಿಎಚ್.ಡಿ ಮಾಡಿದವರಿಗೆ ಕಾಲೇಜು, ವಿಶ್ವವಿದ್ಯಾಲಯ, ಪರಮಾಣು ಇಲಾಖೆಯ ಸಂಸ್ಥೆಗಳು, ವಿದೇಶದ ಪೋಸ್ಟ್‌ಡಾಕ್ (ಪಿಎಚ್.ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಎಂದು ದಾರಿಗಳಿವೆ. ಒಂದೂ ಸುಲಭದ್ದಲ್ಲ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಂದರೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಇನ್ನೂ ಪಾಸಾಗಿಲ್ಲವಾದರೆ ಮೊದಲು ಅದನ್ನು ಮುಗಿಸಲಿ.

ಬೇಗ ಸಂಬಳ ಬೇಕು ಎನ್ನುವ ಒತ್ತಡ ಮನೆಯಲ್ಲಿದ್ದರೆ ಇನ್ನೊಂದು ದಾರಿ ಉಂಟು. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಯಂತ್ರ ಅಕ್ಸೆಲರೇಟರೇ. ಅದರ ಪಕ್ಕ ಡೋಸ್ ಲೆಕ್ಕ ಹಾಕಲು ಮೆಡಿಕಲ್ ಫಿಸಿಸಿಸ್ಟ್ ಇರಲೇಬೇಕು ಎಂಬುದು ಕಾನೂನು. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ (ಬಿಎಆರ್‌ಸಿ) ಇದಕ್ಕೆ ಎಂ.ಎಸ್ಸಿ ಆದವರಿಗೆ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಕೊಡುತ್ತದೆ. ಅದಕ್ಕೆ ಪಿಎಚ್.ಡಿ ಬೇಡ, ಆದರೆ ವಯಸ್ಸಿನ ಮಿತಿ ಇದೆ. ಪಿಎಚ್.ಡಿ ಮುಗಿಸಿ ನೋಡೋಣ ಎಂದರೆ ಆ ಬಾಗಿಲು ಮುಚ್ಚಿರುತ್ತದೆ. ಅವಳಿಗೆ ಆ ಕಡೆ ಮನಸ್ಸಿದೆಯಾ ಎಂದು ಈ ವರ್ಷವೇ ಕೇಳಿ.